ಸಾಹೇಬರ ವರ್ಗಾವಣೆ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಅರೆಯುವ ಕೆಲಸ ಮಾಡುತ್ತಿದ್ದವನನ್ನು ಅಂಗಡಿಯವರೆಲ್ಲ ಲೆನ್ಸಪ್ಪ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಕನ್ನಡಿಗಳು, ದೀಪಗಳು, ಮೂಗಿನ ಮೇಲೆ ಫ್ರೇಮ್ ಇಟ್ಟುಕೊಂಡು ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಳ್ಳುವ ಗಿರಾಕಿಗಳು. ಹಿಂದಿನ ಕೋಣೆಯಲ್ಲಿ ಅರೆಯುವ ಯಂತ್ರ, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರು, ಬಿಳಿ ಕೆಸರಿನಂಥ ಪುಡಿ ಮತ್ತು ಲೆನ್ಸಪ್ಪ. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಅದರಿಂದ ಫ್ರೇಮೂ ಚೀಟಿಯೂ ಒಳಗೆ ಬರುತ್ತಿದ್ದವು, ಕನ್ನಡಕ ಹೊರಗೆ ಹೋಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಊರಿನ ಅರ್ಧ ಜನಕ್ಕೆ ಕಣ್ಣು ಕಾಣುವಂತೆ ಮಾಡಿದ್ದ. ಅವರಲ್ಲೊಬ್ಬರೂ ಅವನನ್ನು ಕಂಡಿರಲಿಲ್ಲ.

ಬ್ಲಾಗ್ ಬರೆಯಲು ಶುರುಮಾಡಿದ್ದು ಬಹುಶಃ ಅದಕ್ಕೇ. ಮನೆಯಲ್ಲಿ ಮಾತಾಡೋಣವೆಂದರೆ ಹೆಂಡತಿ ಕಾರು ಕಲಿಸುವ ಶಾಲೆಯಲ್ಲಿ ಮೇಡಂ. ದಿನವಿಡೀ ಬ್ರೇಕು, ಕ್ಲಚ್ಚು ಎಂದು ಕಿರುಚಿ ಮನೆಗೆ ಬಂದ ಮೇಲೆ ಅವಳಿಗೆ ಆಡುವುದೂ ಬೇಡ, ಕೇಳುವುದೂ ಬೇಡ. ಜೊತೆಗಿದ್ದ ಅತ್ತೆಗೆ ಕಿವಿ ಸ್ವಲ್ಪ ಮಂದ. ಕೇಳಿಸಿದ್ದಕ್ಕೂ ಕೇಳಿಸದ್ದಕ್ಕೂ ಒಂದೇ ಸಮನೆ ಹೂಂಗುಟ್ಟುವುದು ಅವರ ಅಭ್ಯಾಸ. ಹೀಗಾಗಿ ಲೆನ್ಸಪ್ಪ ತನ್ನ ಮಾತನ್ನೆಲ್ಲ ಕಂಪ್ಯೂಟರಿಗೆ ಹಾಕತೊಡಗಿದ. ಬ್ಲಾಗಿಗೆ 'ಹಿಂದಿನ ಕೋಣೆ' ಎಂದು ಹೆಸರಿಟ್ಟ.

ಮೊದಲ ವರ್ಷ ತುಂಬ ಶ್ರದ್ಧೆಯಿಂದ ಬರೆದ. ಒಬ್ಬನೇ ಮನುಷ್ಯನ ಎರಡು ಕಣ್ಣುಗಳಿಗೆ ಯಾಕೆ ಎಂದೂ ಹೊಂದಿಕೆಯಿಲ್ಲ ಎಂಬುದರ ಬಗ್ಗೆ ಬರೆದ. ಕನ್ನಡಕ ಕಳೆದುಕೊಂಡವರು ಕನ್ನಡಕ ಹುಡುಕುವುದು ಹೇಗೆ ಎಂಬುದರ ಬಗ್ಗೆ ಎರಡು ಕಂತು ಬರೆದ. ಪುಟದ ಕೆಳಗೆ 'ಇಂದಿನ ಓದುಗರು: 1' ಎಂದು ತೋರಿಸುತ್ತಿತ್ತು. ಆ ಒಬ್ಬ ಓದುಗ ತಾನೇ ಎಂಬುದು ಅವನಿಗೆ ಗೊತ್ತಾಗಿದ್ದು ಜ್ವರ ಬಂದು ಮಲಗಿದ್ದ ವಾರದಲ್ಲಿ. ಆ ವಾರ ಪೂರ್ತಿ ಸೊನ್ನೆ ಇತ್ತು.

ಎರಡನೇ ವರ್ಷದ ಒಂದು ಸಂಜೆ ಬರೆಯಲು ಏನೂ ಹೊಳೆಯಲಿಲ್ಲ. ಒಂದು ಸಾಲು ಟೈಪ್ ಮಾಡಿದ: 'ಇವತ್ತು ವಿಶೇಷವೇನಿಲ್ಲ. ನಮ್ಮನೆ ಆಮೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ.'

ಅವನ ಮನೆಯಲ್ಲಿ ಆಮೆ ಇರಲಿಲ್ಲ. ಅವರ ಮಹಡಿ ಮನೆಯಲ್ಲಿ ಬೆಕ್ಕು, ನಾಯಿ, ಕೊನೆಗೆ ಒಂದು ಹೂಕುಂಡವೂ ಇರಲಿಲ್ಲ. ಆಮೆ ಎಲ್ಲಿಂದ ಬಂತೆಂದು ಅವನಿಗೇ ಗೊತ್ತಿಲ್ಲ. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಬ್ಲಾಗಿನ ಇತಿಹಾಸದಲ್ಲೇ ಮೊದಲ ಕಾಮೆಂಟು ಬಂದಿತ್ತು. ಬರೆದವರ ಹೆಸರು 'ಪ್ಲಾಟ್‌ಫಾರಂ ನಾಲ್ಕು'. 'ಸೌತೆಕಾಯಿ ಕೊಟ್ಟು ನೋಡಿದಿರಾ?' ಎಂದಿತ್ತು.

ಲೆನ್ಸಪ್ಪ ಆ ಸಾಲನ್ನು ಹತ್ತು ಸಲ ಓದಿದ. ಜಗತ್ತಿನಲ್ಲಿ ಯಾರೋ ಒಬ್ಬರು ತನ್ನನ್ನು ಏನೋ ಕೇಳಿದ್ದಾರೆ! ಆಮೆಯೇ ಇಲ್ಲ ಎಂದು ಉತ್ತರಿಸಿ ಅವರ ಮುಖಕ್ಕೆ ಹೊಡೆದಂತೆ ಮಾಡುವುದು ಹೇಗೆ? 'ಕೊಟ್ಟೆ. ಅರ್ಧ ತಿಂತು' ಎಂದು ಬರೆದ. ಅಲ್ಲಿಗೆ ಸಿಕ್ಕಿಹಾಕಿಕೊಂಡ.

ಮುಂದಿನ ಐದು ವರ್ಷ ಆ ಆಮೆ ಬ್ಲಾಗಿನ ತುಂಬ ಓಡಾಡಿತು. ಏನು ಕೇಳಿದರೂ ತಲೆ ಒಳಗೆ ಎಳೆದುಕೊಳ್ಳುತ್ತಿದ್ದುದರಿಂದ ಅದಕ್ಕೆ 'ಸಾಹೇಬರು' ಎಂದು ಹೆಸರು ಬಂತು. ಚಿಪ್ಪಿನ ಎಡ ಹಿಂಬದಿಯಲ್ಲಿ ಒಂದು ಚೂರು ಒಡೆದಿತ್ತು. ಫೋನು ರಿಂಗಾದರೆ ಹೆದರುತ್ತಿತ್ತು. ತೂಕ ಎರಡು ಕೆಜಿ ಮುನ್ನೂರು ಗ್ರಾಂ. ಓದುಗರ ಸಂಖ್ಯೆ ಒಂದರಿಂದ ಹದಿನಾಲ್ಕಕ್ಕೆ ಏರಿತು. ಲೆನ್ಸಿನ ಬಗ್ಗೆ ಬರೆದ ದಿನ ಅದು ಮೂರಕ್ಕೆ ಇಳಿಯುತ್ತಿತ್ತು.

ಏಳು ವರ್ಷ ತುಂಬಿದಾಗ, ಇಷ್ಟು ದಿನ ಬರೆದದ್ದರ ಮೇಲೆ ಒಂದು ದೊಡ್ಡ ಬರಹ ಬರೆಯಬೇಕು ಎಂದುಕೊಂಡ. ಅದಕ್ಕಾಗಿ ಹಳೆಯದನ್ನೆಲ್ಲ ಮೊದಲಿಂದ ಓದುತ್ತ ಹೋದ. ತನಗೆ ಏನೇನಾಯಿತು ಎಂಬುದು ಒಂದೂ ಸರಿಯಾಗಿ ನೆನಪಿಗೆ ಬರುತ್ತಿಲ್ಲ, ಆದರೆ ಸಾಹೇಬರು ಕಪಾಟಿನ ಕೆಳಗೆ ಸಿಕ್ಕಿಕೊಂಡ ದಿನ ಕಣ್ಣಿಗೆ ಕಟ್ಟಿದಂತಿದೆ. ಐದನೇ ವರ್ಷದಲ್ಲಿ ಅಂಗಡಿಯ ಯಜಮಾನರು ಬದಲಾದರಲ್ಲ, ಅದರ ಬಗ್ಗೆ ಒಂದಕ್ಷರವಿಲ್ಲ. ಆ ವಾರ ಸಾಹೇಬರಿಗೆ ನೆಗಡಿ.

ನಾಚಿಕೆಯಾಯಿತು. ಸಾಕು ಎನ್ನಿಸಿತು. 'ಇದು ನನ್ನ ಕೊನೆಯ ಬರಹ. ಏಳು ವರ್ಷ ಓದಿದ್ದಕ್ಕೆ ವಂದನೆ. ಬರೆಯುವುದು ಒಂದು ಚಟ, ಓದಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಚಟ' ಎಂದೆಲ್ಲ ಎರಡು ಪುಟ ಬರೆದು ಮುಗಿಸಿದ. ಬೇಕೆಂದೇ ಆಮೆಯ ಸುದ್ದಿ ಎತ್ತಲಿಲ್ಲ.

ಒಂಬತ್ತನೆಯ ದಿನ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಒಬ್ಬ ಬಡಕಲು ಮನುಷ್ಯ ಏದುಸಿರು ಬಿಡುತ್ತ ನಿಂತಿದ್ದ. ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆಯ ಟೇಪು, ಹೆಗಲಿಗೆ ನೇತುಹಾಕಿದ ತಕ್ಕಡಿ. ಸಾಕುಪ್ರಾಣಿಗಳ ಕಚೇರಿಯ ಇನ್‌ಸ್ಪೆಕ್ಟರ್ ಎಂದು ಗುರುತಿನ ಚೀಟಿ ತೋರಿಸಿದ.

"ಆಮೆ ಎಲ್ಲಿ?" ಎಂದ.

"ಯಾವ ಆಮೆ?"

"ಎಲ್ಲರೂ ಮೊದಲು ಹೀಗೇ ಕೇಳೋದು," ಎಂದು ಇನ್‌ಸ್ಪೆಕ್ಟರ್ ಒಳಗೆ ಬಂದು ಕುರ್ಚಿಯಲ್ಲಿ ಕೂತು ಫೈಲು ಬಿಚ್ಚಿದ. ಒಳಗೆ ಬ್ಲಾಗಿನ ಪುಟಗಳು, ಒಂದೂ ಬಿಡದೆ ಪ್ರಿಂಟ್ ಮಾಡಿ ದಾರ ಹಾಕಿ ಕಟ್ಟಿದ್ದವು. ತನ್ನ ಬರಹ ಇಷ್ಟು ದಪ್ಪ ಇದೆಯೆಂದು ಲೆನ್ಸಪ್ಪನಿಗೆ ಗೊತ್ತಿರಲಿಲ್ಲ. ಆ ಗಾಬರಿಯಲ್ಲೂ ಒಂದು ಕ್ಷಣ ಖುಷಿಯಾಯಿತು. "ಐದು ವರ್ಷ ಸಾಕಿದ್ದೀರಿ. ಈಗ ಇದ್ದಕ್ಕಿದ್ದಂತೆ ಸುದ್ದಿಯಿಲ್ಲ. ನಮಗೆ ದೂರು ಬಂದಿದೆ."

"ಸಾರ್, ಅದು ಸುಮ್ಮನೆ ಬರೆದದ್ದು. ಆಮೆ ಇಲ್ಲ."

"ಯಾವಾಗಿಂದ ಇಲ್ಲ?"

"ಮೊದಲಿಂದಲೂ ಇಲ್ಲ."

"ಮುನ್ನೂರ ಹದಿನೆಂಟು ದಿನದ ಊಟದ ವಿವರ ಇದೆ ಇಲ್ಲಿ. ಮೊದಲಿಂದಲೂ ಇಲ್ಲದ್ದು ಇಷ್ಟು ಸೌತೆಕಾಯಿ ತಿನ್ನುತ್ತಾ?"

ಅಷ್ಟರಲ್ಲಿ ಹೆಂಡತಿ ಬೆಳಗಿನ ಕ್ಲಾಸು ಮುಗಿಸಿ ಬಂದಳು. ವಿಷಯ ಕೇಳಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಮ್ಮನೇಲಿ ಆಮೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?"

ಇನ್‌ಸ್ಪೆಕ್ಟರ್ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದ. "ಮೂರನೇ ವರ್ಷ, ಏಳನೇ ತಿಂಗಳು. 'ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನನ್ನ ಹೆಂಡತಿಗೆ ಗೊತ್ತೇ ಇರುವುದಿಲ್ಲ.' ಇವರೇ ಬರೆದಿದ್ದಾರಲ್ಲ ಮೇಡಂ."

ಹೆಂಡತಿ ಗಂಡನನ್ನು ನೋಡಿದ ನೋಟಕ್ಕೆ ಅವನು ಸಾಹೇಬರಂತೆಯೇ ಕುತ್ತಿಗೆ ಒಳಗೆ ಎಳೆದುಕೊಂಡ.

ಆಗ ಅತ್ತೆ ಟೀ ತಂದರು. ಇನ್‌ಸ್ಪೆಕ್ಟರ್ ಅವರ ಕಿವಿಯ ಹತ್ತಿರ ಬಾಗಿ, "ಅಜ್ಜಿ, ನೀವು ನಿಜ ಹೇಳಿ. ಈ ಮನೇಲಿ ಆಮೆ ಇದೆಯಾ?" ಎಂದು ಕೂಗಿ ಕೇಳಿದ.

"ಇದೆಯಪ್ಪ, ಇದೆ. ಇಲ್ಲೇ ಎಲ್ಲೋ ಓಡಾಡ್ತಿರತ್ತೆ," ಎಂದರು ಅತ್ತೆ. "ಸ್ವಲ್ಪ ನಾಚಿಕೆ ಸ್ವಭಾವ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡು ಅವರಿಂದ ಸಹಿ ಹಾಕಿಸಿಕೊಂಡ. ಮಂಚದ ಕೆಳಗೆ, ಕಪಾಟಿನ ಹಿಂದೆ, ಬಚ್ಚಲಲ್ಲಿ ಟಾರ್ಚು ಬಿಟ್ಟು ನೋಡಿದ. ಆಮೆ ಸಿಗಲಿಲ್ಲ. ಹದಿನೈದು ದಿನದೊಳಗೆ ಆಮೆಯನ್ನು ಕಚೇರಿಯಲ್ಲಿ ಹಾಜರುಪಡಿಸಬೇಕು, ಇಲ್ಲದಿದ್ದರೆ ನಾಪತ್ತೆ ಮಾಡಿದ ಆಪಾದನೆ ಎಂದು ನೋಟಿಸು ಕೊಟ್ಟು ಮೆಟ್ಟಿಲಿಳಿದ.

"ಅಮ್ಮಾ, ಯಾಕಮ್ಮ ಹಾಗಂದೆ?" ಎಂದು ಹೆಂಡತಿ ತಲೆಯ ಮೇಲೆ ಕೈಹೊತ್ತಳು.

"ಪಾಪ, ಮೂರು ಮಹಡಿ ಹತ್ತಿ ಬಂದಿದ್ದಾನೆ. ಬರಿಗೈಲಿ ಇಲ್ಲ ಅಂತ ಹೇಗೆ ಕಳಿಸೋದು?" ಎಂದರು ಅತ್ತೆ.

ಹೆಂಡತಿಗೆ ಗಂಡ ಏನೋ ಗಾಜಿನ ಬಗ್ಗೆ ಬರೆಯುತ್ತಾನೆ ಎಂದಷ್ಟೇ ಗೊತ್ತಿತ್ತು. ಅವತ್ತು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತವಳು ಭಾನುವಾರ ಮಧ್ಯಾಹ್ನದವರೆಗೂ ಊಟ, ನಿದ್ದೆ ಬಿಟ್ಟರೆ ಮೇಲೇಳಲಿಲ್ಲ. ಅವನು ನಾಲ್ಕು ಸಲ ಟೀ ಮಾಡಿಕೊಟ್ಟ. ನಾಲ್ಕೂ ಆರಿ ಕೆನೆಗಟ್ಟಿದವು. ಕೊನೆಗೆ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅದೂ ಅವನೇ ಅರೆದ ಲೆನ್ಸಿನದು.

"ಹನ್ನೊಂದು ಸಾಲು," ಎಂದಳು.

"ಏನು?"

"ಏಳು ವರ್ಷದಲ್ಲಿ ನನ್ನ ಬಗ್ಗೆ ಹನ್ನೊಂದು ಸಾಲು. ಅದರಲ್ಲಿ ನಾಲ್ಕು ಸಾಲು ನಾನು ಆಮೆಯನ್ನ ತುಳಿದೆ ಅಂತ. ಯಾವಾಗ್ರೀ ತುಳಿದೆ ನಾನು?"

"ಏನಾದರೂ ಆಗಬೇಕಿತ್ತು. ಎರಡು ವಾರದಿಂದ ಏನೂ ಆಗಿರಲಿಲ್ಲ."

"ಚಿಪ್ಪು ಒಡೆದಿದ್ದು ನನ್ನಿಂದಲೇ ಅಂತೆ! ಹದಿಮೂರು ಜನ ನನಗೆ ಶಾಪ ಹಾಕಿದ್ದಾರೆ ಕೆಳಗೆ. ಒಬ್ಬರು ಕಟುಕಿ ಅಂದಿದ್ದಾರೆ. ನೀವು ಅವರಿಗೆ ಧನ್ಯವಾದ ಅಂತ ಬರೆದಿದ್ದೀರಿ."

ಅವಳು ಮತ್ತೆ ಕನ್ನಡಕ ಹಾಕಿಕೊಂಡು ಒಂದು ಪುಟ ತೆರೆದಳು. ಈ ಸಲ ದನಿ ಇಳಿದಿತ್ತು.

"ನಾಲ್ಕನೇ ವರ್ಷ ನನ್ನ ಕಾಲು ಮುರಿದಿದ್ದು ನೆನಪಿದೆಯಾ?"

ನೆನಪಿತ್ತು. ಕಲಿಯುವವನೊಬ್ಬ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗಿ ಕಾರನ್ನು ಗೋಡೆಗೆ ಗುದ್ದಿದ್ದ. ಗೋಡೆಗೂ ಕಾರಿಗೂ ನಡುವೆ ಇವಳು ನಿಂತಿದ್ದಳು. ಮೂರು ವಾರ ಆಸ್ಪತ್ರೆ.

ಅವಳು ಓದಿದಳು: "'ಸಾಹೇಬರು ಇವತ್ತೂ ಊಟ ಮುಟ್ಟಲಿಲ್ಲ. ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದಾರೆ. ಬಟ್ಟಲು ಹತ್ತಿರ ತಳ್ಳಿದರೆ ಮುಖ ತಿರುಗಿಸುತ್ತಾರೆ.' ಹೀಗೇ ಇಪ್ಪತ್ತೊಂದು ದಿನ. ಇಪ್ಪತ್ತೆರಡನೇ ದಿನ, ನಾನು ಮನೆಗೆ ಬಂದ ದಿನ, 'ಒಂದು ಇಡೀ ಸೌತೆಕಾಯಿ ತಿಂದರು.'"

ಅವನು ಆರಿದ ಟೀ ಲೋಟಗಳನ್ನು ಒಂದೊಂದಾಗಿ ಜೋಡಿಸತೊಡಗಿದ.

"ನಾನು ಬಂದು ನೋಡಿದಾಗ ಪಾತ್ರೆಯೆಲ್ಲ ಫಳಫಳ ಹೊಳೀತಿತ್ತು. ಪರವಾಗಿಲ್ಲ, ನಾನಿಲ್ಲದಿದ್ದರೂ ಇವರ ಪಾಡಿಗೆ ಇವರು ಉಂಡುಕೊಂಡು ಚೆನ್ನಾಗಿದ್ದಾರೆ ಅಂದುಕೊಂಡೆ. ಅವತ್ತಿಂದ ಇವತ್ತಿನವರೆಗೂ ಹಾಗೇ ಅಂದುಕೊಂಡಿದ್ದೀನಿ. ಯಾಕೆ ಹೇಳಲಿಲ್ಲ?"

"ನಿನ್ನ ಕಾಲು ಮುರಿದಿತ್ತು. ಅದರ ಮೇಲೆ ನನ್ನದೇನು ಅಂತ."

"ಆಮೆಗೆ ಹೇಳಿದ್ರಿ."

"ಆಮೆ ಇರಲೇ ಇಲ್ವಲ್ಲೇ."

"ಅದೇ ಮತ್ತೆ! ಇಲ್ಲದ್ದಕ್ಕೆ ಹೇಳಿದ್ರಿ, ಇದ್ದವಳಿಗೆ ಹೇಳಲಿಲ್ಲ." ಕಂಪ್ಯೂಟರ್ ಆರಿಸಿ ಎದ್ದಳು. "ಆಫೀಸಿಗೆ ನಾನೂ ಬರ್ತೀನಿ. ಆ ಪ್ರಾಣಿಯನ್ನ ಕಂಡರೆ ನನಗಾಗಲ್ಲ."

ಕಚೇರಿಯ ದಿನ ಇಬ್ಬರೂ ರಜೆ ಹಾಕಿ ಹೋದರು. ಉದ್ದನೆಯ ಹಜಾರ, ಗೋಡೆಗೆ ಒರಗಿಸಿದ ಬೆಂಚುಗಳು, ಸರದಿಗೆ ಟೋಕನ್ನು. ಅವರಿಗಿಂತ ಮುಂದೆ ಒಬ್ಬ ಗಿಣಿಯ ಪಂಜರ ಹಿಡಿದು ಕೂತಿದ್ದ. ಗಿಣಿ ಪಕ್ಕದ ಮನೆಯವರನ್ನು ಬೈದಿತ್ತಂತೆ. ಏನೆಂದು ಬೈಯಿತು ಎಂದು ಕಚೇರಿಯವರು ಕೇಳಿದಾಗ ಅದು ಕಚೇರಿಯವರನ್ನೂ ಸೇರಿಸಿ ಬೈಯಿತು. ಅವನ ಕೇಸು ಮುಂದಕ್ಕೆ ಹೋಯಿತು.

ಮೇಜಿನ ಹಿಂದೆ ಕೂತಿದ್ದ ದೊಡ್ಡ ಮೇಡಂ ಒಂದು ಫಾರಂ ಮುಂದೆ ತಳ್ಳಿದರು. "ಇದೆ, ಸತ್ತಿದೆ, ವರ್ಗಾವಣೆಯಾಗಿದೆ. ಮೂರರಲ್ಲಿ ಒಂದಕ್ಕೆ ಗುರುತು ಹಾಕಿ."

"ಇಲ್ಲವೇ ಇಲ್ಲ ಅನ್ನೋದಕ್ಕೆ?" ಎಂದ ಲೆನ್ಸಪ್ಪ.

"ಅದಕ್ಕೆ ಚೌಕ ಇಲ್ಲ."

"ಸತ್ತಿದೆ ಅಂತ ಹಾಕಿದರೆ?"

"ಹೆಣ ತೋರಿಸಬೇಕು."

"ಇದೆ ಅಂತ ಹಾಕಿದರೆ?"

"ಆಮೆ ತೋರಿಸಬೇಕು. ಎಡ ಹಿಂಬದಿಯಲ್ಲಿ ಚಿಪ್ಪು ಒಡೆದಿರುವಂಥದ್ದೇ ಆಗಬೇಕು. ಬೇರೆ ಯಾವುದೋ ಆಮೆ ತಂದು ನಮ್ಮ ಕಣ್ಣಿಗೆ ಮಣ್ಣೆರಚೋಕೆ ನೋಡಬೇಡಿ. ವರ್ಗಾವಣೆಯಾದರೆ ತಗೊಳ್ಳೋರು ಬಂದು ಸಹಿ ಹಾಕಬೇಕು. ಬಂದಿದ್ದಾರಾ?"

"ಮೇಡಂ, ಇಲ್ಲದ ಆಮೆಯನ್ನ ಯಾರು ತಗೋತಾರೆ?" ಎಂದು ಲೆನ್ಸಪ್ಪ ಕೈಮುಗಿದ.

ಆಗ ಹಿಂದಿನ ಬೆಂಚಿನಿಂದ ಒಂದು ಹೆಣ್ಣುದನಿ ಬಂತು. "ದಯವಿಟ್ಟು ಗಮನಿಸಿ. ಆ ಆಮೆಯನ್ನು ನಾನು ತೆಗೆದುಕೊಳ್ಳುತ್ತೇನೆ."

ಆ ದನಿ ಕೇಳಿದ್ದೇ ಹಜಾರದಲ್ಲಿ ಕೂತಿದ್ದ ನಾಲ್ಕೈದು ಮಂದಿ ಅಭ್ಯಾಸಬಲದಿಂದ ತಮ್ಮ ಚೀಲಗಳನ್ನು ಎತ್ತಿಕೊಂಡು ಎದ್ದು ನಿಂತರು. ಮೂವತ್ತು ವರ್ಷ ಊರಿನ ರೈಲು ನಿಲ್ದಾಣದಲ್ಲಿ ರೈಲುಗಳು ಬರುವುದನ್ನು, ಹೋಗುವುದನ್ನು ಕೂಗಿ ಹೇಳುತ್ತಿದ್ದ ದನಿ ಅದು. ಆಕೆ ನಿವೃತ್ತಿಯಾಗಿ ಏಳೆಂಟು ವರ್ಷವಾಗಿತ್ತು. ಬೆಳ್ಳಿಕೂದಲು, ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಮುಚ್ಚಳವಿರುವ ಬೆತ್ತದ ಬುಟ್ಟಿ. ನೆಟ್ಟಗೆ ಮೇಜಿನ ಹತ್ತಿರ ಬಂದು, "ದೂರು ಕೊಟ್ಟವಳು ನಾನೇ. ಪ್ಲಾಟ್‌ಫಾರಂ ನಾಲ್ಕು," ಎಂದರು.

ಲೆನ್ಸಪ್ಪ ಬೆಚ್ಚಿಬಿದ್ದ. ಐದು ವರ್ಷ ದಿನವೂ ಸೌತೆಕಾಯಿಯ ಬಗ್ಗೆ ಮಾತಾಡಿದ ಮನುಷ್ಯರನ್ನು ಮೊದಲ ಸಲ ಎದುರಿಗೆ ನೋಡಿದಾಗ ಏನು ಹೇಳಬೇಕೆಂದು ತಿಳಿಯದೆ "ಊಟ ಆಯ್ತಾ?" ಎಂದ. ಗಂಟೆ ಆಗ ಹನ್ನೊಂದು.

"ಹಸ್ತಾಂತರ ನನ್ನ ಕಣ್ಣೆದುರೇ ಆಗಬೇಕು," ಎಂದ ಮೇಜಿನ ಪಕ್ಕ ತಕ್ಕಡಿ ಹಿಡಿದು ನಿಂತಿದ್ದ ಇನ್‌ಸ್ಪೆಕ್ಟರ್. "ಆಮೆ ತಂದಿದ್ದೀರಾ?"

ಲೆನ್ಸಪ್ಪ ಫಾರಮ್ಮಿನ ಮೂರು ಚೌಕಗಳನ್ನು ನೋಡುತ್ತ ನಿಂತಿದ್ದ. ಆಗ ಹೆಂಡತಿ ಉಸ್ಸೆಂದು, ತನ್ನ ಹೆಗಲ ಚೀಲ ಇಳಿಸಿ ಜಿಪ್ಪು ಎಳೆದಳು.

"ತಂದಿದ್ದೀವಿ," ಎಂದಳು.

ಎರಡೂ ಕೈ ಒಳಗೆ ಹಾಕಿ, ಸ್ವಲ್ಪ ತಡಕಾಡಿ, ಅಂಗೈಗಳನ್ನು ಬೋಗುಣಿಯಂತೆ ಮಾಡಿ ಮೇಲೆತ್ತಿದಳು. "ಹಿಂದೆ ಸರೀರಿ, ಕಚ್ಚತ್ತೆ," ಎಂದು ಇನ್‌ಸ್ಪೆಕ್ಟರನಿಗೆ ಗದರಿದಳು. ಕಾರು ಕಲಿಯುವವರಿಗೆ ಬ್ರೇಕ್ ಎನ್ನುವಾಗ ಬರುವ ದನಿ ಅದು. ಇನ್‌ಸ್ಪೆಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. ರೈಲಿನ ಹೆಂಗಸು ಬುಟ್ಟಿಯ ಮುಚ್ಚಳ ತೆಗೆದರು. ಹೆಂಡತಿ ಬಗ್ಗಿ, ಕೈಗಳನ್ನು ಬುಟ್ಟಿಯ ತಳದವರೆಗೂ ಇಳಿಸಿ, ನಿಧಾನಕ್ಕೆ ಬಿಡಿಸಿಕೊಂಡಳು. ಮುಚ್ಚಳ ಹಾಕಿದರು.

ಇನ್‌ಸ್ಪೆಕ್ಟರ್ ಬುಟ್ಟಿಯನ್ನು ತಕ್ಕಡಿಗೆ ಹಾಕಿ ಮುಳ್ಳು ನೋಡಿದ. ಅವನ ಮುಖ ಗಂಭೀರವಾಯಿತು. "ಬ್ಲಾಗಿನ ಪ್ರಕಾರ ಎರಡು ಕೆಜಿ ಮುನ್ನೂರು ಗ್ರಾಂ. ಈಗ ಬುಟ್ಟಿ ಸೇರಿ ಎಂಟುನೂರು."

ದೊಡ್ಡ ಮೇಡಂ ಪೆನ್ನು ಕೆಳಗಿಟ್ಟರು. "ನೋಡಿ, ಯಾವ ಗತಿಗೆ ತಂದಿದ್ದೀರಿ. ಬರೆಯೋದು ಒಂದು, ಸಾಕೋದು ಇನ್ನೊಂದು. ಒಂದು ಮೂಕ ಪ್ರಾಣಿ ಅದು. ನಾಚಿಕೆಯಾಗಲ್ವಾ ನಿಮಗೆ?"

ಲೆನ್ಸಪ್ಪನಿಗೆ ನಿಜವಾಗಿಯೂ ನಾಚಿಕೆಯಾಯಿತು. ಕಣ್ಣು ತೇವಗೊಂಡಿತು. "ಇತ್ತೀಚೆಗೆ ಗಮನ ಕೊಡೋಕೆ ಆಗಲಿಲ್ಲ ಮೇಡಂ," ಎಂದ. ವರ್ಗಾವಣೆಯ ಚೌಕಕ್ಕೆ ಗುರುತು ಬಿತ್ತು. ಮೂವರೂ ಸಹಿ ಹಾಕಿದರು. ರೈಲಿನ ಹೆಂಗಸು ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಅಲ್ಲಾಡದಂತೆ ಹುಷಾರಾಗಿ ಹೊರಟುಹೋದರು.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ಹೆಂಡತಿ ಅಂದುಕೊಂಡಳು. ಅವನೂ ಹಾಗೇ ಅಂದುಕೊಂಡ. ಒಂದು ವಾರ ಮನಸ್ಸು ಹಗುರವಾಗಿತ್ತು. ಎರಡನೇ ವಾರ, ಅಂಗಡಿಯಲ್ಲಿ ಟೀ ಕುಡಿಯುವ ಹೊತ್ತಿಗೆ, ಫೋನಿನಲ್ಲಿ ನೋಡುತ್ತಾನೆ: ಒಂದು ಹೊಸ ಬ್ಲಾಗು. ಹೆಸರು 'ಆಗಮನ'. ಮೊದಲ ಬರಹ: 'ಸಾಹೇಬರು ಕ್ಷೇಮವಾಗಿ ತಲುಪಿದ್ದಾರೆ. ಪ್ರಯಾಣದ ಆಯಾಸವಿದೆ. ತೂಕ ಹೆಚ್ಚಿಸಬೇಕಾಗಿದೆ.' ಹದಿನಾಲ್ಕು ಓದುಗರಲ್ಲಿ ಹದಿಮೂರು ಜನ ಆಗಲೇ ಅಲ್ಲಿ ಹೋಗಿ ಕೂತಿದ್ದರು. 'ಇನ್ನಾದರೂ ಒಳ್ಳೆಯವರ ಕೈ ಸೇರಿತಲ್ಲ' ಎಂದು ಒಬ್ಬರು ಬರೆದಿದ್ದರು.

ಲೆನ್ಸಪ್ಪ ಅದನ್ನು ದಿನವೂ ಓದತೊಡಗಿದ. ಸಾಹೇಬರು ಈಗ ಗಜ್ಜರಿ ತಿನ್ನುತ್ತಿದ್ದರು. ಬಿಸಿಲು ಕಾಯುತ್ತಿದ್ದರು. ಫೋನು ರಿಂಗಾದರೆ ಹೆದರುತ್ತಿರಲಿಲ್ಲವಂತೆ, ತಲೆ ಎತ್ತಿ ನೋಡುತ್ತಿದ್ದರಂತೆ. ಒಂದು ತಿಂಗಳಲ್ಲಿ ತೂಕ ಎರಡು ಕೆಜಿ ದಾಟಿತು. ಆಮೇಲೆ ಒಂದು ದಿನ 'ಇಂದು ಸಾಹೇಬರು ಮೂರು ಮೆಟ್ಟಿಲು ಹತ್ತಿದರು' ಎಂದು ಬಂತು. ಲೆನ್ಸಪ್ಪನಿಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಲೆನ್ಸನ್ನು ಯಂತ್ರದಲ್ಲೇ ಬಿಟ್ಟು ಕಾಮೆಂಟು ಟೈಪ್ ಮಾಡಿದ: 'ಅವರಿಗೆ ಮೆಟ್ಟಿಲು ಆಗುವುದಿಲ್ಲ. ಐದು ವರ್ಷ ಸಾಕಿದ ನನಗೆ ಗೊತ್ತಿಲ್ಲವೇ?' ಬಂದ ಉತ್ತರ: 'ನೀವು ಹತ್ತಿಸಿ ನೋಡಿರಲಿಲ್ಲ.'

ಅವತ್ತು ಅರೆದ ಲೆನ್ಸು ಫ್ರೇಮಿಗಿಂತ ಸಣ್ಣದಾಗಿ, ಹಾಕಿದರೆ ಉದುರಿಬಿತ್ತು. ಮನೆಯಲ್ಲಿ ಅನ್ನ ಸೇರಲಿಲ್ಲ. ಹೆಂಡತಿ ಎರಡು ದಿನ ನೋಡಿದಳು. ಮೂರನೇ ದಿನ ಬಟ್ಟಲು ಅವನ ಹತ್ತಿರ ತಳ್ಳಿ, "ಇನ್ನು ಯಾವ ಆಮೆಯ ಹೆಸರಲ್ಲಿ ಉಪವಾಸ ಮಾಡ್ತೀರಿ? ಈಗ ಅದೂ ಕೈಲಿಲ್ಲ. ಏನಾಯ್ತು, ಬಾಯಿಬಿಟ್ಟು ಹೇಳಿ," ಎಂದಳು.

ಹೇಳಿದ. ಹೇಳುವಾಗ ಅದು ಎಷ್ಟು ಹುಚ್ಚು ಮಾತು ಎಂದು ಅವನಿಗೇ ಅನ್ನಿಸಿತು. ಅವಳು ನಗಲಿಲ್ಲ. "ನಿಮಗೆ ಅದನ್ನ ನೋಡಬೇಕು ಅನ್ನಿಸಿದೆ. ಅಷ್ಟೇ ತಾನೇ? ಭಾನುವಾರ ಹೋಗಿ ನೋಡಿಕೊಂಡು ಬರೋಣ," ಎಂದಳು.

ರೈಲಿನ ಹೆಂಗಸಿನ ಮನೆ ಹಳಿಗಳ ಪಕ್ಕದ ಬೀದಿಯಲ್ಲಿ, ನೆಲಮಹಡಿ. ಒಂದೇ ಕೋಣೆ, ಒಂದು ಅಡುಗೆಮನೆ. ಗೋಡೆಗೆ ನಿಲ್ದಾಣದಲ್ಲಿರುವಂಥ ದೊಡ್ಡ ಗಡಿಯಾರ. ಕಿಟಕಿಯ ಕೆಳಗೆ ಬಿಸಿಲು ಬೀಳುವ ಜಾಗದಲ್ಲಿ ನಾಲ್ಕು ಹಲಗೆ ನಿಲ್ಲಿಸಿ ಒಂದು ಅಂಗಳ ಮಾಡಿದ್ದರು. ಒಳಗೆ ಸ್ವಲ್ಪ ಮರಳು, ನೀರಿನ ತಟ್ಟೆ, ಹೆಚ್ಚಿದ ಗಜ್ಜರಿ. ಒಂದು ಬದಿಗೆ ಇಟ್ಟಿಗೆಯಿಂದ ಕಟ್ಟಿದ ಮೂರು ಪುಟ್ಟ ಮೆಟ್ಟಿಲು.

ಹೆಂಡತಿ ಅಡುಗೆಮನೆಯಲ್ಲಿ ಲೋಟ ಹುಡುಕಲು ಹೋದಾಗ ಲೆನ್ಸಪ್ಪ ತಗ್ಗಿದ ದನಿಯಲ್ಲಿ ಕೇಳಿದ, "ಅಮ್ಮ, ನಿಮಗೆ ಗೊತ್ತು ತಾನೇ?"

ರೈಲಿನ ಹೆಂಗಸು ಮೊದಲ ಸಲ ಪುಸ್ತಕದ ಭಾಷೆ ಬಿಟ್ಟು ಮಾತಾಡಿದರು. "ಗೊತ್ತಿಲ್ದೆ ಏನಪ್ಪ. ಸೌತೆಕಾಯಿ ಅರ್ಧ ತಿಂತು ಅಂತ ಬರೆದ್ರಲ್ಲ, ಆವತ್ತೇ ಗೊತ್ತಾಯ್ತು. ಮೂವತ್ತು ವರ್ಷ ಬರದೇ ಇರೋ ರೈಲನ್ನ ಇನ್ನೇನು ಬರುತ್ತೆ ಅಂತ ಹೇಳಿದವಳು ನಾನು. ಆ ದನಿ ಬರವಣಿಗೆಯಲ್ಲಿದ್ದರೂ ನನಗೆ ಕೇಳಿಸುತ್ತೆ."

"ಮತ್ತೆ ಯಾಕೆ ದೂರು ಕೊಟ್ಟಿರಿ?"

"ನೀವು ನಿಲ್ಲಿಸಿಬಿಟ್ರಿ. ಬೆಳಿಗ್ಗೆ ಎದ್ದು ನಾನು ಏನು ಓದಲಿ? ರೈಲು ರದ್ದಾದರೂ ಕಾರಣ ಹೇಳಬೇಕಪ್ಪ. ಆಮೆಗೆ ಏನಾಯ್ತು ಅಂತ ಒಂದು ಸಾಲು ಬರೆದಿದ್ದರೆ ನಾನು ಯಾವ ಆಫೀಸಿಗೂ ಹೋಗ್ತಿರಲಿಲ್ಲ."

ಅವನು ತಲೆತಗ್ಗಿಸಿದ. "ಮೆಟ್ಟಿಲು ಹತ್ತಿದ್ದು..." ಎಂದು ಶುರುಮಾಡಿದ.

"ಅದು ನಿಜ," ಎಂದರು ಅವರು ಖಡಕ್ಕಾಗಿ. "ಮೂರೂ ಹತ್ತಿದರು."

ಟೀ ಕುಡಿದು ಹೊರಡುವಾಗ ಅವರು ಸ್ವಲ್ಪ ಸಂಕೋಚದಿಂದ ಹೇಳಿದರು: ಪಕ್ಕದ ಊರಿನಲ್ಲಿ ತಂಗಿಗೆ ಹುಷಾರಿಲ್ಲ, ನಾಲ್ಕು ದಿನ ಹೋಗಿಬರಬೇಕು, ಸಾಹೇಬರನ್ನು ಒಂಟಿಯಾಗಿ ಬಿಟ್ಟುಹೋಗಲು ಮನಸ್ಸಿಲ್ಲ. ಲೆನ್ಸಪ್ಪ ಹೆಂಡತಿಯ ಮುಖ ನೋಡಿದ. ಅವಳು ಹಲಗೆಗಳ ಮೇಲೆ ಬಗ್ಗಿ ಒಳಗೆ ಬಹಳ ಹೊತ್ತು ನೋಡುತ್ತಿದ್ದಳು.

"ಆಫೀಸಿಗೆ ಹೇಳೋದು ಬೇಡ," ಎಂದಳು ಕೊನೆಗೆ. "ಮತ್ತೆ ತಕ್ಕಡಿ ಹೊತ್ತುಕೊಂಡು ಬರ್ತಾನೆ. ಬುಟ್ಟಿ ಕೊಡಿ."

ಬುಟ್ಟಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟರು. ಲೆನ್ಸಪ್ಪ ಮುಂದೆ ಬಂದು ಕೂತ. ಹೆಂಡತಿ ಕನ್ನಡಿ ಸರಿಮಾಡಿಕೊಂಡಳು, ಗೇರು ಮುಟ್ಟಿ ನೋಡಿದಳು, ಆದರೆ ಕಾರು ಹೊರಡಿಸಲಿಲ್ಲ.

"ಬೆಲ್ಟ್ ಹಾಕಿ," ಎಂದಳು.

"ಹಾಕಿದ್ದೀನಲ್ಲ."

"ನಿಮಗಲ್ಲ ರೀ."

ಅವನು ಇಳಿದು ಹೋಗಿ ಬುಟ್ಟಿಗೆ ಬೆಲ್ಟ್ ಹಾಕಿ ಬಂದ. ದಾರಿಯುದ್ದಕ್ಕೂ ಅವಳು ಎರಡನೇ ಗೇರಿನಲ್ಲೇ ಹೋದಳು. ಹಿಂದಿನವರು ಹಾರ್ನ್ ಹೊಡೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಅಂಗಡಿಯಲ್ಲಿ ಆ ವಾರ ನಡೆದದ್ದನ್ನು ಹೇಳುತ್ತಿದ್ದ. ಎರಡು ಕಣ್ಣಿಗೂ ಒಂದೇ ಪವರ್ ಇರುವ ಗಿರಾಕಿಯ ಚೀಟಿಯೊಂದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಿಂಡಿಯಿಂದ ಬಂದಿತ್ತಂತೆ, ಅದನ್ನು ನಂಬಲಾಗದೆ ಅವನು ಎರಡು ಸಲ ಮರಳಿ ಕಳಿಸಿದ್ದನಂತೆ.

"ಹೂಂ, ಆಮೇಲೆ?" ಎಂದಳು ಹೆಂಡತಿ, ತಿರುವಿನಲ್ಲಿ ನಿಧಾನಕ್ಕೆ ಸ್ಟಿಯರಿಂಗ್ ತಿರುಗಿಸುತ್ತ.